ಅಣ್ಣಯ್ಯನ ಅಕ್ಷರ



ಕಳೆದ ವಾರ ಅಟ್ಟದ ಮೇಲಿನ ಹಳೆಯ ಟ್ರಂಕಿಗೆ ಗೆದ್ದಲು ಹಿಡಿದಿದೆಯೇ ಎಂದು ನೋಡಲು ಅದನ್ನು ಕೆಳಗಿಳಿಸಿದೆ. ಒಳಗೆ ನನ್ನ ಅಣ್ಣಯ್ಯ ಬರೆದ ಇನ್‌ಲ್ಯಾಂಡ್ ಪತ್ರಗಳ ಕಟ್ಟು ಇತ್ತು. ಅಣ್ಣಯ್ಯ ನನಗಿಂತ ಏಳು ವರ್ಷ ದೊಡ್ಡವರು. ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಅವರ ಅಕ್ಷರ ಮುತ್ತು ಪೋಣಿಸಿದಂತೆ ಎಂದು ಊರೆಲ್ಲ ಹೇಳುತ್ತಿತ್ತು. ನಾನು ತರಗತಿಯಲ್ಲಿ ಕಾಪಿ ಬರೆಸುವಾಗ ಅವರ ಪತ್ರವನ್ನೇ ತಂದು ನಿಮಗೆ ತೋರಿಸುತ್ತಿದ್ದುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು.

ಪತ್ರಗಳನ್ನು ತಾರೀಖಿನ ಪ್ರಕಾರ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಇಟ್ಟು ಮುಗಿಸುವಷ್ಟರಲ್ಲಿ ನನ್ನ ಕೈ ನಿಂತಿತು. 1990ರ ಪತ್ರದಲ್ಲಿ ಪುಟಕ್ಕೆ ಹದಿನೆಂಟು ಸಾಲುಗಳಿದ್ದವು. 1994ರಲ್ಲಿ ಇಪ್ಪತ್ತನಾಲ್ಕು. 1998ರ ಪತ್ರದಲ್ಲಿ ಮೂವತ್ತಮೂರು. ಪ್ರತಿ ಸಾಲೂ ಒಂದಿಷ್ಟು ದೊಡ್ಡದಾಗಿ ಆರಂಭವಾಗಿ, ಬಲತುದಿಗೆ ಹೋಗುವಷ್ಟರಲ್ಲಿ ಇರುವೆಯ ಸಾಲಿನಂತೆ ಕುಗ್ಗಿತ್ತು. ಆ ವರ್ಷ ತೋಟಕ್ಕೆ ಕೊಳೆರೋಗ ಬಂದ ಸಂಗತಿಯನ್ನು ಅವರು ಬರೆದಿದ್ದರು. ನಾನು ಕೊಟ್ಟ ಉತ್ತರ ಈಗಲೂ ನೆನಪಿದೆ. ಬೋರ್ಡೋ ದ್ರಾವಣದ ವಿಷಯವಾಗಿ ಎರಡು ಪ್ಯಾರಾ ಬರೆದು, ಕೊನೆಗೆ, “ಇನ್‌ಲ್ಯಾಂಡ್ ಲೆಟರಿಗೆ ಅಷ್ಟೊಂದು ಜಿಪುಣತನವೇಕೆ? ಅಕ್ಷರ ಓದಲಾಗುತ್ತಿಲ್ಲ” ಎಂದು ಸೇರಿಸಿದ್ದೆ. ಅಡಿಕೆಯ ರೋಗವನ್ನು ವಿಚಾರಿಸಿದೆನೇ ಹೊರತು, ಅಣ್ಣನದನ್ನು ವಿಚಾರಿಸಲಿಲ್ಲ.

1999ರಲ್ಲಿ ಅಣ್ಣಯ್ಯನಿಗೆ ಪಾರ್ಕಿನ್ಸನ್ ಕಾಯಿಲೆ ಎಂದು ತಿಳಿಯಿತು. ಅದಕ್ಕೆ ಮೊದಲು ಎರಡು ವರ್ಷ ಬಲಭುಜದ ನೋವಿಗೆಂದು ಎಣ್ಣೆ, ಶಾಖ, ಇಂಜೆಕ್ಷನ್ ಎಲ್ಲವೂ ನಡೆದಿದ್ದವು. ಕೊನೆಗೆ ಬೆಂಗಳೂರಿನ ನರರೋಗ ತಜ್ಞರೊಬ್ಬರು ಅವರನ್ನು ನಾಲ್ಕು ಹೆಜ್ಜೆ ನಡೆಸಿ, ಒಂದು ಕಾಗದ ಕೊಟ್ಟು, “ಏನಾದರೂ ಒಂದು ವಾಕ್ಯ ಬರೆಯಿರಿ” ಎಂದರು. ಬರೆದದ್ದನ್ನು ನೋಡಿದ ಮೇಲೆ ಅವರಿಗೆ ಹೆಚ್ಚೇನೂ ಕೇಳಬೇಕಾಗಲಿಲ್ಲ. ಅಕ್ಷರ ಹೀಗೆ ಕುಗ್ಗುವುದು ಈ ಕಾಯಿಲೆಯ ಹಳೆಯ ಗುರುತುಗಳಲ್ಲಿ ಒಂದು. ಮೂವತ್ತೈದು ವರ್ಷ ಮಕ್ಕಳ ಅಕ್ಷರ ತಿದ್ದಿದ ನಾನು ಪಕ್ಕದಲ್ಲಿಯೇ ಕುಳಿತಿದ್ದೆ.

ಅಂದಿನಿಂದ ಈ ಕಾಯಿಲೆಯ ಕುರಿತು ಸಿಕ್ಕಿದ್ದನ್ನೆಲ್ಲ ಓದುತ್ತ ಬಂದಿದ್ದೇನೆ. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಇದನ್ನು ಕುರಿತು ಪುಸ್ತಿಕೆ ಬರೆದಾಗ ಅವನ ಮುಂದಿದ್ದುದು ಕೇವಲ ಆರು ಮಂದಿ. ಅವರಲ್ಲಿಯೂ ಕೆಲವರನ್ನು ಅವನು ಬೀದಿಯಲ್ಲಿ ಕಂಡದ್ದಷ್ಟೆ. ಅಂದರೆ ಈ ರೋಗದ ಶಾಸ್ತ್ರ ಹುಟ್ಟಿದ್ದೇ ಕಣ್ಣಿಟ್ಟು ನೋಡುವುದರಿಂದ.

ಮುಂದಿನ ಕಥೆಯಲ್ಲಿ ನಮ್ಮ ನಾಡಿನ ಎರಡು ಗಿಡಗಳಿವೆ. ಮೊದಲನೆಯದು ಸರ್ಪಗಂಧ. ಅದರಿಂದ ತೆಗೆದ ರಿಸರ್ಪಿನ್ ಎಂಬ ಔಷಧವನ್ನು ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಮೊಲಗಳಿಗೆ ಕೊಟ್ಟಾಗ ಅವು ಕಲ್ಲಿನಂತೆ ಕುಳಿತುಬಿಟ್ಟವು. ಆಮೇಲೆ ಡೋಪಾ ಎಂಬ ವಸ್ತುವನ್ನು ಚುಚ್ಚಿದೊಡನೆ ಎದ್ದು ಓಡಾಡಿದವು. ಇದು ನಡೆದದ್ದು 1957ರಲ್ಲಿ. ಮಿದುಳಿನಲ್ಲಿ ಡೋಪಮಿನ್ ಕಡಿಮೆಯಾದರೆ ಚಲನೆ ಕುಂದುತ್ತದೆ ಎಂಬ ತಿಳಿವಿಗೆ ಇದೇ ದಾರಿಯಾಯಿತು. ಕಾರ್ಲ್‌ಸನ್‌ಗೆ 2000ದಲ್ಲಿ ನೊಬೆಲ್ ಬಂತು. ಎರಡನೆಯ ಗಿಡ ನಸುಗುನ್ನಿ. ನನ್ನ ಕುರ್ಚಿಯ ಮೇಲೆ ಅದರ ಕಾಯಿಯ ರೋಮ ಉದುರಿಸಿದ ಮಹಾನುಭಾವರು ಇದನ್ನು ಓದುತ್ತಿದ್ದಾರೆಂದು ಬಲ್ಲೆ! ಆ ಬೀಜದಲ್ಲಿ ಲೆವೊಡೋಪಾ ಇದೆಯೆಂದು 1937ರಲ್ಲಿ ಮದ್ರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ವಿಜ್ಞಾನಿಗಳು ತೋರಿಸಿಕೊಟ್ಟರು. ಅದೇ ಲೆವೊಡೋಪಾ ಮಾತ್ರೆಯ ರೂಪದಲ್ಲಿ ಅಣ್ಣಯ್ಯನನ್ನು ಹಲವು ವರ್ಷ ನಡೆದಾಡಿಸಿತು. ಹಾಗೆಂದು ಯಾರೂ ಬೀಜ ಕುಟ್ಟಿ ತಿನ್ನಬೇಡಿ. ಪ್ರಮಾಣ ನಿರ್ಧರಿಸುವುದು ವೈದ್ಯರ ಕೆಲಸ.

ಆದರೆ ಡೋಪಮಿನ್ ತಯಾರಿಸುವ ಜೀವಕೋಶಗಳು ಸಾಯುವುದಾದರೂ ಏಕೆ? ಸತ್ತ ರೋಗಿಗಳ ಮಿದುಳಿನಲ್ಲಿ ಕಾಣುವ ಗುಂಡನೆಯ ಕಣಗಳನ್ನು ಜರ್ಮನಿಯ ಫ್ರಿಟ್ಸ್ ಲೇವಿ 1912ರಲ್ಲಿಯೇ ವರ್ಣಿಸಿದ್ದ. ಅವು ಆಲ್ಫಾ-ಸಿನ್ಯೂಕ್ಲಿನ್ ಎಂಬ ಪ್ರೋಟೀನಿನ ಮುದ್ದೆಗಳೆಂದು ಗೊತ್ತಾಗಲು 1997 ಬರಬೇಕಾಯಿತು. ಈ ಪ್ರೋಟೀನು ಆರೋಗ್ಯವಂತರಲ್ಲಿಯೂ ಇದೆ. ಅದರ ಮಡಿಕೆ ತಪ್ಪಿದಾಗ ತೊಂದರೆ. ಮಡಿಕೆ ತಪ್ಪಿದ ಒಂದು ಕಣ ಪಕ್ಕದ ಸರಿಯಾದ ಕಣವನ್ನೂ ತನ್ನಂತೆಯೇ ಮಾಡಿಕೊಳ್ಳುತ್ತದೆ. ಅಡುಗೆಮನೆಯ ಉದಾಹರಣೆ ಕೊಡುವುದಾದರೆ, ಇದು ಹಾಲಿಗೆ ಹೆಪ್ಪು ಹಾಕಿದ ಹಾಗೆ.

ವಿಜ್ಞಾನಿಗಳು ಈಗ ಈ ಗುಣವನ್ನೇ ಪರೀಕ್ಷೆಯಾಗಿ ಮಾಡಿಕೊಂಡಿದ್ದಾರೆ. ಸೊಂಟದ ಬಳಿ ಸೂಜಿ ಚುಚ್ಚಿ ಬೆನ್ನುಹುರಿಯ ಸುತ್ತಲಿನ ದ್ರವವನ್ನು ತುಸು ತೆಗೆದು, ಅದನ್ನು ಸರಿಯಾದ ಪ್ರೋಟೀನಿನೊಡನೆ ಬೆರೆಸಿ ಕಾಯುತ್ತಾರೆ. ದ್ರವದಲ್ಲಿ ‘ಹೆಪ್ಪು’ ಇದ್ದರೆ ಮುದ್ದೆ ಕಟ್ಟುತ್ತದೆ, ಇಲ್ಲದಿದ್ದರೆ ಇಲ್ಲ. 1123 ಮಂದಿಯ ಮೇಲೆ ನಡೆಸಿದ ಇಂಥ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಪಾರ್ಕಿನ್ಸನ್ ಇದ್ದವರಲ್ಲಿ ನೂರಕ್ಕೆ ಸುಮಾರು 88 ಮಂದಿಯಲ್ಲಿ ಪರೀಕ್ಷೆ ಅದನ್ನು ಗುರುತಿಸಿತು. ಆರೋಗ್ಯವಂತರಲ್ಲಿ ನೂರಕ್ಕೆ ಸುಮಾರು 96 ಮಂದಿಗೆ ‘ಇಲ್ಲ’ ಎಂದಿತು.

ಕೈ ನಡುಗತೊಡಗುವ ಹೊತ್ತಿಗೆ ಡೋಪಮಿನ್ ಕೋಶಗಳ ದೊಡ್ಡ ಪಾಲು ಆಗಲೇ ಅಳಿದಿರುತ್ತದೆ. ಅದಕ್ಕೂ ಹಲವು ವರ್ಷ ಮೊದಲು ಕೆಲವರಲ್ಲಿ ವಾಸನೆ ತಿಳಿಯದಾಗುತ್ತದೆ, ಮಲಬದ್ಧತೆ ಕಾಡುತ್ತದೆ, ಕನಸಿನಲ್ಲಿ ಕಂಡದ್ದಕ್ಕೆ ತಕ್ಕಂತೆ ಕೈಕಾಲು ಬಡಿಯುವುದು ಆರಂಭವಾಗುತ್ತದೆ. ಇದನ್ನು ಓದಿದ ದಿನ ಪುಸ್ತಕ ಮುಚ್ಚಿಟ್ಟು ಜಗಲಿಯಲ್ಲಿ ಕುಳಿತೆ. ನಮ್ಮ ಅತ್ತಿಗೆ, “ಎದುರಿಗೇ ಹಾಲು ಉಕ್ಕಿ ಸೀದರೂ ಇವರಿಗೆ ಗೊತ್ತಾಗುವುದಿಲ್ಲ” ಎಂದು ನಗುತ್ತಿದ್ದರು. ಅಣ್ಣಯ್ಯ ನಡುರಾತ್ರಿ ಕೂಗಿ ಗೋಡೆಗೆ ಗುದ್ದುತ್ತಿದ್ದಾಗ ದೃಷ್ಟಿ ತಾಗಿದೆಯೆಂದು ತಾಯಿತ ಕಟ್ಟಿಸಿದ್ದರು. ಎಲ್ಲವನ್ನೂ ಮನೆಯವರು ಕಂಡಿದ್ದೆವು. ಒಂದರ ಪಕ್ಕದಲ್ಲಿ ಒಂದನ್ನು ಇಟ್ಟು ನೋಡುವುದು ಮಾತ್ರ ಯಾರಿಗೂ ಹೊಳೆಯಲಿಲ್ಲ.

ಹಾಗೆ ಇಟ್ಟು ನೋಡಿದವರೊಬ್ಬರಿದ್ದಾರೆ. ಸ್ಕಾಟ್ಲೆಂಡಿನ ಜಾಯ್ ಮಿಲ್ನ್ ಎಂಬ ನಿವೃತ್ತ ನರ್ಸ್. ಗಂಡನ ಮೈವಾಸನೆ ಬದಲಾದುದನ್ನು ಆಕೆ ಗಮನಿಸಿದ್ದು ಅವರಿಗೆ ಪಾರ್ಕಿನ್ಸನ್ ಪತ್ತೆಯಾಗುವುದಕ್ಕೆ ಹತ್ತಕ್ಕೂ ಹೆಚ್ಚು ವರ್ಷ ಮೊದಲು. ಆಮೇಲೆ ರೋಗಿಗಳ ಸಭೆಯೊಂದರಲ್ಲಿ ಅದೇ ವಾಸನೆ ಎಲ್ಲರಿಂದಲೂ ಬಂದಾಗ ಆಕೆಗೆ ಹೊಳೆಯಿತು. ಎಡಿನ್‌ಬರೋ ವಿಶ್ವವಿದ್ಯಾಲಯದ ಟೀಲೊ ಕುನಾತ್ ಹನ್ನೆರಡು ಮಂದಿ ತೊಟ್ಟ ಅಂಗಿಗಳನ್ನು ಮೂಸಲು ಕೊಟ್ಟರು. ಆರು ರೋಗಿಗಳವು, ಆರು ಆರೋಗ್ಯವಂತರವು. ಆಕೆ ಆರು ರೋಗಿಗಳನ್ನೂ ಗುರುತಿಸಿ, ಆರೋಗ್ಯವಂತರಲ್ಲಿ ಒಬ್ಬರಿಗೂ ಕಾಯಿಲೆ ಇದೆ ಎಂದರು. ತಪ್ಪಿದ್ದು ಒಂದೇ ಎಂದುಕೊಂಡರು. ಕೆಲವು ತಿಂಗಳಲ್ಲಿ ಆ ‘ಆರೋಗ್ಯವಂತ’ನಿಗೂ ಪಾರ್ಕಿನ್ಸನ್ ಪತ್ತೆಯಾಯಿತು! ರೋಗಿಗಳ ಚರ್ಮದ ಜಿಡ್ಡಿನಲ್ಲಿ ಬದಲಾಗುವ ಕೆಲವು ರಾಸಾಯನಿಕಗಳನ್ನು 2019ರಲ್ಲಿ ಮ್ಯಾಂಚೆಸ್ಟರಿನ ಪರ್ಡಿಟಾ ಬ್ಯಾರನ್ ಅವರ ತಂಡ ಗುರುತಿಸಿತು.

ಇಷ್ಟೆಲ್ಲ ಮೊದಲೇ ತಿಳಿದು ಫಲವೇನು ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಈ ರೋಗವನ್ನು ತಡೆದು ನಿಲ್ಲಿಸುತ್ತದೆಂದು ಸಿದ್ಧವಾದ ಮದ್ದು ಇಂದಿಗೂ ಇಲ್ಲ. ಅಂಥ ಮದ್ದು ಬಂದರೆ ಅದು ಕೋಶಗಳು ಉಳಿದಿರುವಾಗಲೇ ಕೊಡಬೇಕಾದೀತು. ಅದಕ್ಕಾಗಿಯೇ ಬೇಗ ಪತ್ತೆ ಹಚ್ಚುವ ಈ ಹುಡುಕಾಟ. ಆದರೆ ನನ್ನ ಉತ್ತರ ಇದಕ್ಕಿಂತ ಸಣ್ಣದು. ಮೊದಲೇ ತಿಳಿದಿದ್ದರೆ ಅಣ್ಣಯ್ಯನಿಗೆ ಎರಡು ವರ್ಷದ ವ್ಯರ್ಥ ಚಿಕಿತ್ಸೆ ತಪ್ಪುತ್ತಿತ್ತು. ವ್ಯಾಯಾಮವೂ ಮಾತ್ರೆಯೂ ಬೇಗ ಸಿಗುತ್ತಿದ್ದವು. ಮಂಡಿಯಲ್ಲಿ ಲೆಕ್ಕ ನಿಧಾನವಾಯಿತೆಂದು ಯಜಮಾನರ ಬೈಗುಳ ತಿಂದು ತಲೆ ತಗ್ಗಿಸಬೇಕಿರಲಿಲ್ಲ. ಜಿಪುಣ ಎಂಬ ಮಾತನ್ನು ತಮ್ಮನ ಕೈಯಿಂದ ಓದಬೇಕಿರಲಿಲ್ಲ.

2011ರಲ್ಲಿ ಅಣ್ಣಯ್ಯ ತೀರಿಕೊಂಡರು. ಆ ಮಾತಿಗಾಗಿ ನಾನು ಕ್ಷಮೆ ಕೇಳಿದ್ದೆನೇ ಎಂದರೆ, ಇಲ್ಲ. ಕೇಳಬೇಕೆಂದು ಹೊರಟಾಗಲೆಲ್ಲ ಅವರೇ ತೋಟದ ಮಾತು ತೆಗೆಯುತ್ತಿದ್ದರು.

ಮಕ್ಕಳೇ, ನಿಮ್ಮಲ್ಲಿ ಹಲವರ ತಂದೆತಾಯಿಯರಿಗೆ ಈಗ ಅಣ್ಣಯ್ಯನ ಅಂದಿನ ವಯಸ್ಸು. ಕೈ ನಡುಗಿದ್ದೆಲ್ಲ ಪಾರ್ಕಿನ್ಸನ್ ಅಲ್ಲ. ಹುಟ್ಟಾ ಸಣ್ಣ ಅಕ್ಷರ ಬರೆಯುವವರಿಗೆ ಅದು ಕಾಯಿಲೆಯೂ ಅಲ್ಲ. ಮೊದಲಿದ್ದದ್ದು ಬದಲಾಗಿದೆಯೇ ಎಂಬುದಷ್ಟೇ ಮುಖ್ಯ. ಮೊಬೈಲಿನಲ್ಲಿ ಒತ್ತಿದ ಅಕ್ಷರ ಎಂದೂ ಕುಗ್ಗುವುದಿಲ್ಲ, ಆದ್ದರಿಂದ ಅಲ್ಲಿ ಏನೂ ತಿಳಿಯದು. ಮುಂದಿನ ಬಾರಿ ಊರಿಗೆ ಹೋದಾಗ ಅಪ್ಪನ ಕೈಯಲ್ಲಿ ಒಂದು ಸಾಮಾನಿನ ಚೀಟಿ ಬರೆಸಿ, ಹಳೆಯ ಪತ್ರದ ಪಕ್ಕದಲ್ಲಿ ಇಟ್ಟು ನೋಡಿ. ವ್ಯತ್ಯಾಸ ಕಂಡರೆ ಗದರಬೇಡಿ. ನರರೋಗ ತಜ್ಞರ ಬಳಿ ಕರೆದುಕೊಂಡು ಹೋಗಿ.

ನಾನೂ ಪ್ರತಿ ಯುಗಾದಿಯಂದು ಒಂದೇ ವಾಕ್ಯವನ್ನು ಒಂದೇ ನೋಟುಪುಸ್ತಕದಲ್ಲಿ ಬರೆದಿಡುತ್ತೇನೆ. ಈ ವರ್ಷದ್ದೂ ಹೋದ ವರ್ಷದಷ್ಟೇ ದೊಡ್ಡದಾಗಿದೆ.

ಎಲ್ಲರಿಗೂ ಶುಭವಾಗಲಿ.

ಇಂತಿ ನಿಮ್ಮ ಮೇಷ್ಟ್ರು