ಮೂಲೆಯ ಗಣಕಯಂತ್ರಕ್ಕೆ ಮರುಜೀವ

ನಮ್ಮ ಅನೇಕ ಗೃಹಸ್ಥ ಭಕ್ತರ ಮನೆಗಳಲ್ಲಿ ಹತ್ತು-ಹನ್ನೆರಡು ವರ್ಷಗಳ ಹಿಂದೆ ಮಕ್ಕಳ ಓದಿಗೆಂದು ತಂದ ಗಣಕಯಂತ್ರವೊಂದು ಇಂದು ಬಟ್ಟೆ ಹೊದ್ದು ಮೂಲೆ ಹಿಡಿದಿರುವುದನ್ನು ಕಾಣುತ್ತೇವೆ. ಯಂತ್ರ ಕೆಟ್ಟಿಲ್ಲ, ಅದನ್ನು ನಡೆಸುವ ತಂತ್ರಾಂಶಕ್ಕೆ ಮುಪ್ಪು ಬಂದಿದೆ. ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ನಿಂತಿತು. ಅದರ ಮುಂದಿನ ಆವೃತ್ತಿಯು ಹಳೆಯ ಯಂತ್ರಗಳಲ್ಲಿ ಹಲವನ್ನು ಒಪ್ಪುವುದಿಲ್ಲ. ಅಂಥ ಯಂತ್ರವನ್ನು ಗುಜರಿಗೆ ಹಾಕುವ ಮುನ್ನ ಲಿನಕ್ಸನ್ನು ಒಮ್ಮೆ ಪರೀಕ್ಷಿಸಿ ನೋಡಿರೆಂಬುದು ನಮ್ಮ ಬಿನ್ನಹ.

ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಅವರು 1983ರಲ್ಲಿ ಗ್ನೂ ಯೋಜನೆಯನ್ನು ಸಾರಿದರು. ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಲಿನಕ್ಸಿನ ತಿರುಳನ್ನು ಬರೆದು ಲೋಕದ ಮುಂದಿಟ್ಟರು. ಇದನ್ನು ಯಾರೂ ಬಳಸಬಹುದು, ಒಳಗನ್ನು ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು. ಕೆಲವರು ಉತ್ಸಾಹದಿಂದ ಇದನ್ನು ದಾಸೋಹವೆನ್ನುತ್ತಾರೆ. ನಾವು ಅಷ್ಟು ಅವಸರಪಡೆವು. ದೊಡ್ಡ ಕಂಪನಿಗಳೂ ಸಂಬಳ ಕೊಟ್ಟು ಇದನ್ನು ಬೆಳೆಸುತ್ತಿವೆ. ಆದರೂ ಪಡೆದವನು ಮತ್ತೊಬ್ಬನಿಗೆ ಹಂಚುವುದಕ್ಕೆ ತಡೆಯಿಲ್ಲವೆಂಬ ಕಟ್ಟಳೆ ಶರಣರ ಮನೆಯವರಿಗೆ ಅಪರಿಚಿತವೇನಲ್ಲ.

ಲಿನಕ್ಸಿನಲ್ಲಿ ನೂರಾರು ಬಗೆಗಳಿವೆ. ಹೊಸಬರಿಗೆ ಲಿನಕ್ಸ್ ಮಿಂಟ್ ಸಾಕು, 4 ಜಿ.ಬಿ. ರ್‍ಯಾಮ್ ಇರುವ ಹಳೆಯ ಯಂತ್ರಕ್ಕೆ ಅದರ ಎಕ್ಸ್‌ಎಫ್‌ಸಿಇ ಎಂಬ ಹಗುರ ರೂಪ ಹೊಂದುತ್ತದೆ. ಅದನ್ನು ಅಂತರಜಾಲದಿಂದ ಇಳಿಸಿಕೊಂಡು, ಬಲೇನಾ ಎಚರ್‌ನಂಥ ಸಾಧನದಿಂದ 8 ಜಿ.ಬಿ. ಪೆನ್‌ಡ್ರೈವಿಗೆ ಬರೆಯಬೇಕು. ಪೆನ್‌ಡ್ರೈವಿನಲ್ಲಿ ಮೊದಲಿದ್ದುದೆಲ್ಲ ಅಳಿಯುವುದೆಂಬುದು ನೆನಪಿರಲಿ. ಯಂತ್ರವನ್ನು ಆ ಪೆನ್‌ಡ್ರೈವಿನಿಂದಲೇ ಆರಂಭಿಸಿದರೆ, ಒಳಗಿನ ಡಿಸ್ಕನ್ನು ಮುಟ್ಟದೆಯೇ ಲಿನಕ್ಸ್ ತೆರೆದುಕೊಳ್ಳುತ್ತದೆ. ಒಂದೆರಡು ದಿನ ಹೀಗೆಯೇ ನಡೆಸಿ, ವೈಫೈ, ಧ್ವನಿ, ಮುದ್ರಣಯಂತ್ರ ಸರಿಯಾಗಿವೆಯೇ ಎಂದು ನೋಡಿರಿ. ಅಂಗಡಿಯ ಲೆಕ್ಕಪತ್ರದ ತಂತ್ರಾಂಶವನ್ನೋ ಡಿಜಿಟಲ್ ಸಹಿಯನ್ನೋ ನಂಬಿ ವ್ಯವಹಾರ ನಡೆಸುವವರು ಆ ಯಂತ್ರವನ್ನು ಬದಲಿಸದಿರುವುದೇ ಲೇಸು. ಪತ್ರ ಬರೆಯುವುದು, ಜಾಲತಾಣ ನೋಡುವುದು, ಪ್ರವಚನ ಕೇಳುವುದು, ಇಷ್ಟಕ್ಕೆ ಯಾವ ಕೊರತೆಯೂ ಇಲ್ಲ.

ಕನ್ನಡದ ಬೆರಳಚ್ಚಿಗೆ ಹೊಸತೇನನ್ನೂ ಕೊಳ್ಳಬೇಕಾಗಿಲ್ಲ. ಕೀಲಿಮಣೆಯ ಸೆಟ್ಟಿಂಗ್‌ನಲ್ಲಿ ಭಾಷೆಗಳ ಪಟ್ಟಿ ತೆರೆದರೆ ಕನ್ನಡ ಇನ್‌ಸ್ಕ್ರಿಪ್ಟ್ ಜೊತೆಗೆ ಕಗಪ ಎಂಬ ವಿನ್ಯಾಸವೂ ಇರುತ್ತದೆ. ನುಡಿಯಲ್ಲಿ ಕೈ ಪಳಗಿದವರಿಗೆ ಇದು ಬಹುಮಟ್ಟಿಗೆ ಅದೇ: ಬಿ, ಎಸ್, ವಿ ಎಂದೊತ್ತಿದರೆ ಬಸವ ಎಂದು ಮೂಡುತ್ತದೆ, ಒತ್ತಕ್ಷರಕ್ಕೆ ನಡುವೆ ಎಫ್ ಕೀಲಿ.

ಈಗ ನಮ್ಮ ಮನಸ್ಸನ್ನು ಕಾಡುವ ಸಂಗತಿಗೆ ಬರುತ್ತೇವೆ. ಕಳೆದ ವರ್ಷ ಭಕ್ತರ ಮನೆಯ ಮಗಳೊಬ್ಬಳು ಲಿಂಗೈಕ್ಯರಾದ ತನ್ನ ತಂದೆಯವರ ಬರಹವನ್ನು ನಮ್ಮಲ್ಲಿಗೆ ತಂದಿದ್ದಳು. ನಿವೃತ್ತ ಉಪಾಧ್ಯಾಯರಾದ ಅವರು ಅಲ್ಲಮಪ್ರಭುವಿನ ವಚನಗಳಿಗೆ ಸುಮಾರು ಮುನ್ನೂರು ಪುಟಗಳ ಟಿಪ್ಪಣಿಯನ್ನು ತಾವೇ ಬೆರಳಚ್ಚಿಸಿದ್ದರು. ಹೊಸ ಯಂತ್ರದಲ್ಲಿ ತೆರೆದರೆ ಒಂದಕ್ಷರ ಕನ್ನಡವಿಲ್ಲ. ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. “ಅಪ್ಪಾಜಿ ಬರೆದದ್ದೆಲ್ಲ ಹೋಯಿತೇ, ಬುದ್ಧೀ?” ಎಂದು ಆಕೆ ಕೇಳಿದಳು.

ಹೋಗಿರಲಿಲ್ಲ. ಅಂದಿನ ಅಕ್ಷರಶೈಲಿಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂಡಿಸಿ ತೋರಿಸುತ್ತಿದ್ದವು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಮೂಲದ ಇಂಗ್ಲಿಷ್ ಗುರುತುಗಳೇ ಕಾಣುತ್ತವೆ. 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ವಂತ ಸ್ಥಾನ ದೊರೆತಿತ್ತು. ಆದರೆ ಅದು ಮನೆಮನೆಯ ಬಳಕೆಗೆ ಬರಲು ಬಹಳ ಕಾಲ ಹಿಡಿಯಿತು. ಆದುದರಿಂದ ಹಳೆಯ ಯಂತ್ರದ ಡಿಸ್ಕನ್ನು ಅಳಿಸುವ ಮೊದಲು ಕಡತಗಳನ್ನಷ್ಟೇ ಅಲ್ಲ, ಫಾಂಟ್‌ಗಳನ್ನೂ ಬೇರೆಡೆ ನಕಲಿಸಿಡಿರಿ. ಲಿನಕ್ಸಿನಲ್ಲಿ ಆ ಫಾಂಟ್ ಕಡತದ ಮೇಲೆ ಎರಡು ಬಾರಿ ಒತ್ತಿ ಅಳವಡಿಸಿದರೆ, ಲಿಬ್ರೆಆಫೀಸಿನಲ್ಲಿ ಹಳೆಯ ಬರಹ ಮತ್ತೆ ಓದಲು ಬರುತ್ತದೆ. ಶಾಶ್ವತ ಪರಿಹಾರವೆಂದರೆ ಯೂನಿಕೋಡಿಗೆ ಪರಿವರ್ತಿಸುವುದು. ಅದಕ್ಕೆ ಉಚಿತ ಪರಿವರ್ತಕಗಳಿವೆ. ಮೂಲ ಕಡತವನ್ನು ಮಾತ್ರ ಹಾಗೆಯೇ ಇರಿಸಬೇಕು. ಅರ್ಕಾವತ್ತು ಕೆಲವೆಡೆ ಸ್ಥಾನ ತಪ್ಪುತ್ತದೆ. ನಡುವೆ ಬಂದ ನಿಜವಾದ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡವಾಗುತ್ತವೆ. ಆ ಮಗಳು ಎರಡು ತಿಂಗಳು ಕುಳಿತು ತಿದ್ದಿದಳು. ತಂದೆಯವರ ಒಂದು ವಾಕ್ಯವನ್ನೂ ತಾನು ಈ ಮೊದಲು ಓದಿರಲಿಲ್ಲವೆಂದು ಆಮೇಲೆ ಹೇಳಿದಳು.

ಅಚ್ಚಾದ ಹಳೆಯ ಪುಸ್ತಿಕೆಗಳಿಗೂ ಮಾರ್ಗವುಂಟು. ಜಾತ್ರೆಯ ಸ್ಮರಣಸಂಚಿಕೆ, ಮನೆತನದ ಚರಿತ್ರೆ ಮೊದಲಾದವನ್ನು ಅಂಗುಲಕ್ಕೆ 300 ಚುಕ್ಕೆಗಳ ಸಾಂದ್ರತೆಯಲ್ಲಿ ಸ್ಕ್ಯಾನ್ ಮಾಡಿದರೆ, ಟೆಸೆರಾಕ್ಟ್ ಎಂಬ ಮುಕ್ತ ತಂತ್ರಾಂಶವು ಚಿತ್ರದಲ್ಲಿಯ ಕನ್ನಡವನ್ನು ಗುರುತಿಸಿ ಪಠ್ಯವಾಗಿಸುತ್ತದೆ. ಮಾಸಿದ ಕಾಗದವಾದರೆ ಒತ್ತಕ್ಷರಗಳಲ್ಲಿ ಎಡವುತ್ತದೆ. ವಚನದ ಪಾಠವನ್ನು ಯಂತ್ರದ ಕೈಗೆ ಪೂರ್ತಿ ಒಪ್ಪಿಸಲು ನಮಗೆ ಮನಸ್ಸಿಲ್ಲ. ಒಂದು ದೀರ್ಘ ತಪ್ಪಿದರೂ ಅರ್ಥ ಬೇರೆಯಾದೀತು. ಮನೆಯ ಹಿರಿಯರು ಪುಸ್ತಕ ಹಿಡಿದು ಗಟ್ಟಿಯಾಗಿ ಓದಲಿ, ಮೊಮ್ಮಕ್ಕಳು ಪರದೆಯಲ್ಲಿ ತಿದ್ದಲಿ. ಸಂಜೆಗೆ ನಾಲ್ಕು ಪುಟ ಸಾಗಿದರೆ ಸಾಕು.