ಲಕೋಟೆಯ ಮೇಲಿನ ಊರು

ಚಿಂಚವಾಡದಲ್ಲಿ ಒಬ್ಬರ ಮನೆಯನ್ನು ಹುಡುಕಿಕೊಂಡು ಹೊರಡುವವರು ಮೊದಲು ಈ ಊರು ಬೆಳೆದ ಬಗೆಯನ್ನು ತಿಳಿದಿರಬೇಕು. ಪವನಾ ನದಿಯ ದಡದಲ್ಲಿ, ಮೋರಯಾ ಗೋಸಾವಿಯವರ ಸಮಾಧಿಯಿರುವ ಹಳೆಯ ಊರಿನಲ್ಲಿ, ಮನೆಯ ನಂಬರಿಗಿಂತ ಮನೆತನದ ಹೆಸರೇ ದೊಡ್ಡದು. ಅದರಾಚೆ, ಹೊಲಗಳು ಮನೆಗಳಾದ ಕಡೆ, ವಿಳಾಸದಲ್ಲಿ ಇನ್ನೂ ಹೊಲದ ಸರ್ವೆ ನಂಬರೇ ಇದೆ. ಜೋಳ ಬೆಳೆಯುವುದು ನಿಂತು ಎಷ್ಟೋ ವರುಷವಾಗಿದ್ದರೂ ಸರಿಯೆ. ನಿಗಡಿಯ ಕಡೆಗೆ ಹೋದರೆ ಬೇರೆಯೇ ಲೋಕ. 1972ರಲ್ಲಿ ಹುಟ್ಟಿದ ನವನಗರ ವಿಕಾಸ ಪ್ರಾಧಿಕರಣವು ಸೆಕ್ಟರು, ಪ್ಲಾಟು ಎಂದು ಅಳೆದು ಕೊಟ್ಟ ನೆಲ ಅದು. 2021ರಲ್ಲಿ ಆ ಸಂಸ್ಥೆಯೇ ಇಲ್ಲವಾಯಿತು. ಆದರೆ ಜನರ ಬಾಯಲ್ಲಿಯೂ ಲಕೋಟೆಯ ಮೇಲೆಯೂ ‘ಪ್ರಾಧಿಕರಣ’ ಹಾಗೆಯೇ ಉಳಿದಿದೆ.

ಇಷ್ಟೆಲ್ಲ ಬರೆದ ಮೇಲೂ ‘ಮಾರುತಿ ಗುಡಿಯ ಹಿಂದೆ’ ಎಂದು ಸೇರಿಸದಿದ್ದರೆ ನಮಗೆ ಸಮಾಧಾನವಿಲ್ಲ. ಇದಕ್ಕೆ ನಾಚಬೇಕಾಗಿಲ್ಲ. ನಿಕರಾಗುವಾ ದೇಶದ ಮನಾಗುವಾ ಪಟ್ಟಣದಲ್ಲಿ, 1972ರ ಭೂಕಂಪದಲ್ಲಿ ಬಿದ್ದುಹೋದ ಕಟ್ಟಡಗಳನ್ನೇ ಆಮೇಲೂ ಗುರುತಾಗಿ ಹೇಳುತ್ತ ಬಂದರು. ಜಪಾನಿನಲ್ಲಿ ಹೆಚ್ಚಿನ ಬೀದಿಗಳಿಗೆ ಹೆಸರೇ ಇಲ್ಲ. ನಂಬರು ಬೀದಿಗಲ್ಲ, ಬೀದಿಗಳ ನಡುವಣ ನೆಲದ ತುಂಡಿಗೆ. ನಮ್ಮ ಮಕ್ಕಳು ದುಡಿಯುವ ದುಬೈಯಲ್ಲಿ ಪಿನ್‌ಕೋಡೆಂಬುದೇ ಇಲ್ಲ, ಅಂಚೆ ಪೆಟ್ಟಿಗೆಯ ನಂಬರಿದ್ದರೆ ಆಯಿತು.

ನಮ್ಮ ದೇಶಕ್ಕೆ ಆರು ಅಂಕೆಯ ಪಿನ್‌ಕೋಡು ಬಂದುದು 1972ರ ಆಗಸ್ಟ್ 15ರಂದು. ಅದನ್ನು ರೂಪಿಸಿದ ಶ್ರೀರಾಮ ಭಿಕಾಜಿ ವೇಲಣಕರರು ಸಂಸ್ಕೃತದ ಕವಿಗಳೂ ಹೌದು. ಒಂದೇ ಹೆಸರಿನ ಹತ್ತು ಊರು, ಹತ್ತು ಭಾಷೆ, ಹತ್ತು ಲಿಪಿ. ಈ ಗೊಂದಲಕ್ಕೆ ಅಂಕೆಯೇ ಮದ್ದು ಎಂಬುದು ಅವರ ಎಣಿಕೆ. ಮೊದಲಿನ 4 ನಮ್ಮ ವಲಯ, 411 ಎಂದರೆ ಪುಣೆ, ಉಳಿದ ಮೂರು ನಿಮ್ಮ ಅಂಚೆ ಕಚೇರಿ. ಚಿಂಚವಾಡಗಾವಿಗೆ 411033. 2025ರಲ್ಲಿ ಅಂಚೆ ಇಲಾಖೆಯು ‘ಡಿಜಿಪಿನ್’ ಎಂಬ ಹತ್ತಕ್ಷರದ ಗುರುತನ್ನೂ ತಂದಿದೆ. ಸುಮಾರು ನಾಲ್ಕು ಮೀಟರಿನ ಚೌಕಕ್ಕೆ ಒಂದೊಂದು. ಅಂದರೆ ನಮ್ಮ ಅಡಿಗೆಮನೆಗೊಂದು, ಪಡಸಾಲೆಗೊಂದು!

ಆದರೆ ಅಂಕೆಗಳಿಗೂ ಲಿಪಿಯುಂಟು. 1987ರಲ್ಲಿ ವಿಜಾಪುರದ ಕಡೆಯ ನಮ್ಮ ಹಳ್ಳಿಯಿಂದ ಅಪ್ಪ ಒಂದು ಕಾಗದ ಬರೆದರು. ಅವ್ವನ ಕಣ್ಣಿನ ಪೊರೆ ತೆಗೆಸುವುದಿದೆ, ಇಂಥ ದಿನ ಮಿರಜಿಗೆ ಬಾ ಎಂದು. ವಿಳಾಸವೆಲ್ಲ ಅಚ್ಚಗನ್ನಡ, ಕೊನೆಗೆ ೪೧೧೦೩೩. ಕನ್ನಡದ ೧ ಪರರ ಕಣ್ಣಿಗೆ ಸೊನ್ನೆಯಂತೆ ಕಾಣುವುದು ಸಹಜ. 400 ಎಂದರೆ ಮುಂಬಯಿ. ಕಾಗದವು ಮುಂಬಯಿಯ ಮುದ್ರೆ ಹೊತ್ತು ಹದಿನಾಲ್ಕನೆಯ ದಿನ ನನ್ನ ಕೈ ಸೇರಿತು. ಅಷ್ಟರಲ್ಲಿ ಕಣ್ಣಿನ ಕೆಲಸ ಮುಗಿದಿತ್ತು. ಕಟ್ಟು ಹಾಕಿದ ಅವ್ವ, ಬಾಗಿಲ ಬಳಿ ಸಪ್ಪಳವಾದಾಗಲೆಲ್ಲ ‘ತಮ್ಮಾ ಬಂದ್ನೇನು?’ ಎಂದು ಕೇಳುತ್ತಿದ್ದಳೆಂದು ಅಣ್ಣ ಹೇಳಿದ.

ಊರಿಗೆ ಹೋದಾಗ ಅಪ್ಪನಿಗೆ ಸಂಗತಿ ತಿಳಿಸಿದೆ. “ಚಿಂಚವಾಡ ಅಂತ ಚೊಕ್ಕ ಬರದಿದ್ನೆಲ್ಲೋ! ಅಂಕಿ ಕೂಡ ನಮ್ಮವು ಬ್ಯಾಡೇನು?” ಎಂದರು. ನಾನು ಉತ್ತರ ಕೊಡದೆ ಇಪ್ಪತ್ತೈದು ಲಕೋಟೆ ತಂದು, ಇಂಗ್ಲಿಷಿನಲ್ಲಿ ನನ್ನದೇ ವಿಳಾಸವನ್ನು ಬರೆದಿಟ್ಟು ಬಂದೆ.

ಅವರು ಹೋದ ಮೇಲೆ ಟ್ರಂಕು ತೆಗೆದಾಗ ಆ ಲಕೋಟೆಗಳಲ್ಲಿ ಮೂರು ಉಳಿದಿದ್ದವು. ಒಂದರ ಮೇಲೆ, ನಾನು ಬರೆದ 411033ರ ಕೆಳಗೆ, ಪೆನ್ಸಿಲಿನಿಂದ ೪೧೧೦೩೩ ಎಂದು ಬರೆದಿದ್ದರು.