ಎಣ್ಣೆಯ ಕಲೆಗಳು

ಬೆಂಗಳೂರಿನಲ್ಲಿ ವಿದೇಶೀ ಒಡೆತನದ ಉಪಾಹಾರಗೃಹವೊಂದರಲ್ಲಿ ಆಲೂಗಡ್ಡೆ ಕರಿಯುವ ನಮ್ಮ ಓಣಿಯ ಹುಡುಗನು ನಿನ್ನೆ ಮುಂಜಾನೆ ಹತ್ತರಗಿಯ ಹೆದ್ದಾರಿಯಲ್ಲಿ ಬಸ್ಸಿಳಿದು ಮನೆಗೆ ಬಂದು, ಚಹದ ಬಟ್ಟಲಿಗೆ ಕೈ ನೀಡಿದಾಗ, ಮಣಿಕಟ್ಟಿನಿಂದ ಮೊಣಕೈಯವರೆಗೂ ಕಾದ ಎಣ್ಣೆ ಸಿಡಿದ ಸಣ್ಣ ಸಣ್ಣ ಕಪ್ಪು ಕಲೆಗಳು ಕಂಡುವು. "ಇದೇನ್ ದೊಡ್ಡದಲ್ರಿ ಕಾಕಾ, ದಿನಾಪೂರ್ತಿ ಕುಂದ್ರಾಕ ಬಿಡಂಗಿಲ್ಲ, ಅದ ತ್ರಾಸು" ಎಂದನು.

ಎಡೆಬಿಡದೆ 5 ಗಂಟೆಗಿಂತ ಅಧಿಕ ಕಾಲ ದುಡಿಸಲಾಗದೆಂದೂ, ನಡುವೆ 1 ಗಂಟೆಯ ವಿಶ್ರಾಂತಿ ಸಲ್ಲತಕ್ಕುದೆಂದೂ ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯಿದೆಯು ವಿಧಿಸಿರುವಾಗ, ಆ ವಿಶ್ರಾಂತಿಯು ಜನದಟ್ಟಣೆಯ ಶನಿವಾರಗಳಂದು 10 ನಿಮಿಷಕ್ಕೆ ಇಳಿಯುವುದೆಂದು ಅವನ ಬಾಯಿಂದ ಕೇಳಿ ಮನಸ್ಸು ಬಹಳ ನೊಂದಿತು. 1995ರಲ್ಲಿ ಬೆಂಗಳೂರಿಗೆ ಇಂತಹುದೇ ವಿದೇಶೀ ಉಪಾಹಾರಗೃಹವಾದ ಕೆಂಟಕಿ ಫ್ರೈಡ್ ಚಿಕನ್ ಬಂದಾಗ, ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತಸಂಘವು ನಮ್ಮ ಬೇಸಾಯದ, ನಮ್ಮ ಅನ್ನದ ಸ್ವಾತಂತ್ರ್ಯಕ್ಕಾಗಿ ಹೋರಾಡಿತು. ಆ ಗಂಭೀರ ವಾದವನ್ನು ಪತ್ರಿಕೆಗಳಲ್ಲಿ ಆಸಕ್ತಿಯಿಂದ ಓದಿದ ನಾನು, ಒಲೆಯ ಮುಂದೆ ನಿಂತವನ ಕಾಲುಗಳನ್ನು ಕುರಿತು ಒಮ್ಮೆಯೂ ಚಿಂತಿಸಿದವನಲ್ಲ.

ಸೋಮವಾರ ಅವನು ಮರಳುವನು. ಅವನ ಅವ್ವ ಕಟಕರೊಟ್ಟಿ, ಶೇಂಗಾಹಿಂಡಿಗಳ ಗಂಟಿನೊಳಗೆ ಕೊಬ್ಬರಿ ಎಣ್ಣೆಯ ಶೀಶೆಯೊಂದನ್ನು ಬಟ್ಟೆಯಲ್ಲಿ ಸುತ್ತಿ ಇಡುತ್ತಿದ್ದಾಳೆ.